ಎಂಟೇ ವಾರದ ಬದುಕು: ಹವಳದ ದಿಬ್ಬವನ್ನು ಸಾಕುವ ಪುಟಾಣಿ ಗೋಬಿ ಮೀನು

ಗೋಬಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಂಜೆ ಹೊತ್ತು ಬೀದಿ ಬದಿಯ ಬಾಣಲೆಯಲ್ಲಿ ಕೆಂಪಗೆ ಹೊರಳುವ ಗೋಬಿ ಮಂಚೂರಿ. ಈ ಲೇಖನದ ಗೋಬಿ ಅದಲ್ಲ. ಇದು ಸಮುದ್ರದ ಮೀನು. ನಿಮ್ಮ ಕಿರುಬೆರಳಿನ ಉಗುರಿಗಿಂತ ತುಸು ಉದ್ದ, ಅಷ್ಟೇ. ತೂಕ ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ಇದರ ಕುಲದ ಹೆಸರು ಎವಿಯೋಟಾ. ಈ ಕುಲದ ಒಂದು ಪ್ರಭೇದ ಎವಿಯೋಟಾ ಸಿಜಿಲ್ಲಾಟಾ. ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಅತ್ಯಂತ ಕಡಿಮೆ ಆಯುಷ್ಯ ಎಂಬ ದಾಖಲೆ ಇದರ ಹೆಸರಿನಲ್ಲಿದೆ. ಗರಿಷ್ಠ 59 ದಿನ. ಶಾಲೆಗೆ ಬೇಸಿಗೆ ರಜೆ ಕೊಟ್ಟ ದಿನ ಇದು ಮೊಟ್ಟೆಯಿಂದ ಹೊರಬಂತು ಎಂದುಕೊಳ್ಳಿ. ಶಾಲೆ ಮತ್ತೆ ತೆರೆದು, ಮಕ್ಕಳು ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಸುವ ಹೊತ್ತಿಗೆ ಈ ಮೀನು ಬೆಳೆದು, ಜೋಡಿಯಾಗಿ, ಮೊಟ್ಟೆಯಿಟ್ಟು, ಮುದಿಯಾಗಿ ಸತ್ತಿರುತ್ತದೆ.

"ಅಯ್ಯೋ ಪಾಪ, ಇಷ್ಟು ಚಿಕ್ಕ ಮೀನು, ಇಷ್ಟು ಚಿಕ್ಕ ಬದುಕು. ಇದ್ದರೆಷ್ಟು, ಹೋದರೆಷ್ಟು?" ಎಂದು ಅನ್ನಿಸುವುದು ಸಹಜ. ಬಹಳ ಕಾಲ ವಿಜ್ಞಾನಿಗಳೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದರು. ಆದರೆ ಹವಳದ ದಿಬ್ಬದ ದೊಡ್ಡ ಮೀನುಗಳ ಹೊಟ್ಟೆ ತುಂಬುವುದರಲ್ಲಿ ಇಂಥ ಪುಟಾಣಿಗಳ ಪಾಲು ಎಷ್ಟು ದೊಡ್ಡದು ಎಂದು ಈಗ ತಿಳಿದುಬಂದಿದೆ. ಆ ಲೆಕ್ಕ ಹೇಗೆ ಬಂತು, 59 ದಿನ ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ, ಇಷ್ಟು ಅವಸರದ ಬದುಕು ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಯಾರಿದು ಎವಿಯೋಟಾ?

ಗೋಬಿ ಎಂಬುದು ಒಂದು ಮೀನಲ್ಲ, ಬಹುದೊಡ್ಡ ಬಳಗ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಬಳಗದವರು ಸಮುದ್ರ, ಅಳಿವೆ, ಸಿಹಿನೀರಿನ ಹೊಳೆ ಎಲ್ಲ ಕಡೆಯೂ ಇದ್ದಾರೆ. ಕುಂದಾಪುರ, ಹೊನ್ನಾವರ, ಕುಮಟಾ ಕಡೆಯ ಕಾಂಡ್ಲಾ ಕಾಡುಗಳ ಅಂಚಿನಲ್ಲಿ ನೀರಿಳಿದಾಗ ಕೆಸರಿನ ಮೇಲೆ ಕುಪ್ಪಳಿಸುತ್ತಾ ಓಡಾಡುವ, ಕಣ್ಣು ತಲೆಯ ಮೇಲಿರುವ ಮೀನುಗಳನ್ನು ನೀವು ನೋಡಿರಬಹುದು. ಅವೂ ಗೋಬಿಗಳ ನೆಂಟರೇ.

ಬಹುತೇಕ ಗೋಬಿಗಳ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಒಂದು ಬಟ್ಟಲಿನಂತಾಗಿರುತ್ತವೆ. ಅದರಿಂದ ಅವು ಕಲ್ಲಿಗೆ ಅಂಟಿಕೊಂಡು ಕೂರಬಲ್ಲವು. ಎವಿಯೋಟಾಗಳಲ್ಲಿ ಈ ಬಟ್ಟಲು ಪೂರ್ತಿಯಾಗಿ ಕೂಡಿರುವುದಿಲ್ಲ, ರೆಕ್ಕೆಗಳು ಹೆಚ್ಚುಕಡಿಮೆ ಬೇರೆಬೇರೆಯಾಗಿಯೇ ಇರುತ್ತವೆ. ಅವುಗಳ ಮೇಲೆ ಮೊಣಕೈ ಊರಿದಂತೆ ಕುಳಿತು, ದೊಡ್ಡ ಕಣ್ಣುಗಳನ್ನು ಆಚೀಚೆ ಹೊರಳಿಸುತ್ತಾ ಇವು ಹವಳದ ಮೇಲೆ ಕಾಯುತ್ತಿರುತ್ತವೆ. ಮೈ ಬಹುಪಾಲು ಪಾರದರ್ಶಕ. ಒಳಗಿನ ಬೆನ್ನೆಲುಬಿನ ಗೆರೆ ಹೊರಗಿನಿಂದಲೇ ಕಾಣುತ್ತದೆ. ಅದರ ಮೇಲೆ ಕೆಂಪು, ಕಂದು, ಬಿಳಿ ಚುಕ್ಕೆ ಪಟ್ಟಿಗಳು. ಹವಳದ ಹಿನ್ನೆಲೆಯಲ್ಲಿ ಈ ಗುರುತುಗಳು ಮೀನನ್ನು ಎದ್ದು ಕಾಣಿಸುವ ಬದಲು ಅಡಗಿಸುತ್ತವೆ.

ಈ ಕುಲಕ್ಕೆ ಹೆಸರು ಕೊಟ್ಟದ್ದು 1903ರಲ್ಲಿ, ಹವಾಯಿಯಲ್ಲಿ ಸಿಕ್ಕ ಮೀನಿನ ಆಧಾರದ ಮೇಲೆ. ಆಮೇಲೆ ಹುಡುಕಿದಂತೆಲ್ಲ ಹೊಸ ಹೊಸ ಪ್ರಭೇದಗಳು ಸಿಗುತ್ತಲೇ ಹೋದವು. ಇಂದಿಗೆ ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ, ಇನ್ನೂ ಸಿಗುತ್ತಿವೆ. ಕೆಂಪು ಸಮುದ್ರದಿಂದ ಹಿಡಿದು ಹಿಂದೂ ಮಹಾಸಾಗರವನ್ನು ದಾಟಿ ಶಾಂತಸಾಗರದ ನಡುವಿನವರೆಗೆ, ಬಿಸಿ ನೀರಿನ ಹವಳ ಪ್ರದೇಶಗಳೇ ಇವುಗಳ ಮನೆ. ನಮ್ಮ ಕಥಾನಾಯಕ ಸಿಜಿಲ್ಲಾಟಾಕ್ಕೆ ಹೆಸರು ಸಿಕ್ಕಿದ್ದು 1983ರಲ್ಲಿ.

ಇಲ್ಲೇ ಒಂದು ತಪ್ಪುಕಲ್ಪನೆ ತಿದ್ದಿಕೊಳ್ಳೋಣ. ಸಣ್ಣ ಮೀನು ಕಂಡರೆ ನಾವು ಅದನ್ನು ಯಾವುದೋ ದೊಡ್ಡ ಮೀನಿನ ಮರಿ ಎಂದುಕೊಳ್ಳುತ್ತೇವೆ. ಎವಿಯೋಟಾ ಮರಿಯಲ್ಲ. ಎರಡು ಸೆಂಟಿಮೀಟರ್ ಉದ್ದದಲ್ಲೇ ಅದು ಪೂರ್ತಿ ಬೆಳೆದ, ಮಕ್ಕಳೊಂದಿಗ ಮೀನು.

59 ದಿನ ಎಂದು ಗೊತ್ತಾದದ್ದು ಹೇಗೆ?

ಮೀನಿಗೆ ಜನ್ಮಪತ್ರಿಕೆ ಇಲ್ಲ. ಸಮುದ್ರದಲ್ಲಿ ಒಂದೊಂದು ಮೀನಿನ ಹಿಂದೆ ಹೋಗಿ ಹುಟ್ಟು ಸಾವು ಬರೆದುಕೊಳ್ಳಲು ಆಗುವುದಿಲ್ಲ. ಆದರೆ ಮೀನು ತನ್ನ ದಿನಚರಿಯನ್ನು ತಲೆಯೊಳಗೇ ಬರೆದಿಟ್ಟುಕೊಳ್ಳುತ್ತದೆ.

ಮೀನಿನ ತಲೆಯನ್ನು ಬಿಡದೆ ತಿನ್ನುವವರಿಗೆ ಕೆಲವೊಮ್ಮೆ ಹಲ್ಲಿಗೆ ಬಿಳಿ ಕಲ್ಲಿನಂಥದ್ದು ಸಿಕ್ಕುತ್ತದೆ. ಅದು ಹೊರಗಿನಿಂದ ಬಂದ ಕಲ್ಲಲ್ಲ, ಮೀನಿನ ಒಳಗಿವಿಯ ಕಲ್ಲು. ಕಿವಿಗಲ್ಲು ಎನ್ನಬಹುದು. ಸಮತೋಲನಕ್ಕೆ ಮತ್ತು ಸದ್ದು ಗ್ರಹಿಸುವುದಕ್ಕೆ ಮೀನಿಗೆ ಇದು ಬೇಕು. ನಮ್ಮ ಒಳಗಿವಿಯಲ್ಲೂ ಇದೇ ಕೆಲಸ ಮಾಡುವ ಸೂಕ್ಷ್ಮ ಹರಳುಗಳಿವೆ. ಅವು ಜಾಗ ತಪ್ಪಿದಾಗ ಹಾಸಿಗೆಯಲ್ಲಿ ಮಗ್ಗುಲಾದರೂ ಸಾಕು, ಮನೆಯೇ ತಿರುಗಿದಂತಾಗುವ ಒಂದು ಬಗೆಯ ತಲೆಸುತ್ತು ಬರುತ್ತದೆ.

ಮೀನಿನ ಕಿವಿಗಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು. ದಿನದಿನವೂ ಅದರ ಮೇಲೆ ಹೊಸ ಪದರ ಕೂರುತ್ತದೆ. ಹಗಲು ರಾತ್ರಿಯ ಲಯದಲ್ಲಿ ಪದರದ ದಟ್ಟಣೆ ಬದಲಾಗುವುದರಿಂದ ದಿನಕ್ಕೊಂದು ಉಂಗುರ ಮೂಡುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರವಾದರೆ ಇಲ್ಲಿ ದಿನಕ್ಕೊಂದು. ದಿನದ ಉಂಗುರಗಳ ಈ ಸಂಗತಿಯನ್ನು ಜಾರ್ಜಿಯೋ ಪನ್ನೆಲ್ಲಾ 1971ರಲ್ಲಿ ಪ್ರಕಟಿಸಿದ ಮೇಲೆ ಮೀನಿನ ವಯಸ್ಸಿನ ಅಧ್ಯಯನವೇ ಬದಲಾಯಿತು. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಉಂಗುರ ಎಣಿಸಿದರೆ ಮೀನು ಎಷ್ಟು ದಿನ ಬದುಕಿತ್ತು ಎಂದು ತಿಳಿಯುತ್ತದೆ.

"ದಿನಕ್ಕೊಂದೇ ಉಂಗುರ ಎಂದು ಏನು ಖಾತ್ರಿ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಜೀವಂತ ಮೀನನ್ನು ಟೆಟ್ರಾಸೈಕ್ಲಿನ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಆ ದಿನ ಕೂರುವ ಪದರದಲ್ಲಿ ಅದು ಸೇರಿಕೊಂಡು, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಗುರುತಾಗುತ್ತದೆ. ಆಮೇಲೆ ಹತ್ತು ದಿನ ಸಾಕಿ ನೋಡಿದರೆ, ಗುರುತಿನ ಆಚೆ ಹತ್ತೇ ಉಂಗುರ ಇರಬೇಕು. ಇದ್ದರೆ ಎಣಿಕೆ ಸರಿ.

ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಮಾರ್ಷಲ್ ಡೆಪ್ಚಿನ್ಸ್ಕಿ ಮತ್ತು ಡೇವಿಡ್ ಬೆಲ್ವುಡ್ ಅವರು ಗ್ರೇಟ್ ಬ್ಯಾರಿಯರ್ ರೀಫ್‌ನ ಎವಿಯೋಟಾಗಳ ಕಿವಿಗಲ್ಲುಗಳನ್ನು ಹೀಗೆ ಎಣಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಜಿಲ್ಲಾಟಾದ ಅತ್ಯಂತ ಹಿರಿಯ ಮೀನಿನ ಕಲ್ಲಿನಲ್ಲಿ ಇದ್ದದ್ದು 59 ಉಂಗುರ. ಅಲ್ಲಿಯವರೆಗೆ ಈ ದಾಖಲೆ ಆಫ್ರಿಕಾದ ಕಿಲ್ಲಿಮೀನು ಒಂದರದ್ದಾಗಿತ್ತು. ಮಳೆಗಾಲದ ಹೊಂಡಗಳಲ್ಲಿ ಹುಟ್ಟಿ, ಹೊಂಡ ಒಣಗುವುದರೊಳಗೆ ಬದುಕು ಮುಗಿಸುವ ಆ ಮೀನಿನ ಆಯುಷ್ಯ ಸುಮಾರು 12 ವಾರ.

59 ದಿನಗಳ ಕಾಲಪಟ್ಟಿ

ಕಿವಿಗಲ್ಲಿನಲ್ಲಿ ವಯಸ್ಸು ಮಾತ್ರವಲ್ಲ, ಬದುಕಿನ ತಿರುವುಗಳೂ ದಾಖಲಾಗಿರುತ್ತವೆ. ಮೀನು ತೆರೆದ ಸಮುದ್ರ ಬಿಟ್ಟು ಹವಳದ ದಿಬ್ಬಕ್ಕೆ ಬಂದು ನೆಲೆಸಿದ ದಿನ ಉಂಗುರಗಳ ಅಂತರ, ಬಣ್ಣ ಬದಲಾಗುತ್ತದೆ. ಅದನ್ನು ಓದಿ ತಯಾರಿಸಿದ ಕಾಲಪಟ್ಟಿ ಹೀಗಿದೆ:

- ಮೊದಲ ಮೂರು ವಾರ, ಹೆಚ್ಚುಕಡಿಮೆ: ಮೊಟ್ಟೆಯೊಡೆದು ಬಂದ ಮರಿ ದಿಬ್ಬದಿಂದ ಹೊರಗೆ ನೀರಿನಲ್ಲಿ ತೇಲುತ್ತಾ, ಇನ್ನೂ ಸಣ್ಣ ಜೀವಿಗಳನ್ನು ತಿನ್ನುತ್ತಾ ಬೆಳೆಯುತ್ತದೆ.
- ಮುಂದಿನ ಒಂದೆರಡು ವಾರ: ರೂಪ ಬದಲಿಸಿಕೊಂಡು ದಿಬ್ಬಕ್ಕೆ ಇಳಿಯುತ್ತದೆ. ವಯಸ್ಕ ಮೀನಾಗುತ್ತದೆ.
- ಕೊನೆಯ ಮೂರೂವರೆ ವಾರ: ಜೋಡಿಯಾಗುವುದು, ಮೊಟ್ಟೆಯಿಡುವುದು. ಇಷ್ಟೇ ವಯಸ್ಕ ಜೀವನ. ಅದೂ ಕೊನೆಯ ತನಕ ಉಳಿದುಕೊಂಡರೆ.

ಹೆಣ್ಣು ಈ ಅವಧಿಯಲ್ಲಿ ಹೆಚ್ಚೆಂದರೆ ಮೂರು ಸಲ ಮೊಟ್ಟೆಯಿಡುತ್ತದೆ. ಒಟ್ಟು ಸುಮಾರು 400 ಮೊಟ್ಟೆ. ಸಮುದ್ರದ ಮೀನಿನ ಲೆಕ್ಕದಲ್ಲಿ ಇದು ತೀರಾ ಕಡಿಮೆ. ದೊಡ್ಡ ಮೀನುಗಳು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಹೋಗಿಬಿಡುತ್ತವೆ. ಎವಿಯೋಟಾಕ್ಕೆ ಅಷ್ಟು ಮೊಟ್ಟೆಗಳನ್ನು ತುಂಬಿಕೊಳ್ಳಲು ಹೊಟ್ಟೆಯಲ್ಲಿ ಜಾಗವೇ ಇಲ್ಲ. ಅದಕ್ಕೆ ಇದ್ದಷ್ಟನ್ನು ಜೋಪಾನ ಮಾಡುತ್ತದೆ. ಕಾವಲು ಕೆಲಸ ಗಂಡಿನದು.

ಇನ್ನೊಂದು ವಿಚಿತ್ರ ಎಂದರೆ ಬೆಳವಣಿಗೆ. ಸಾಮಾನ್ಯವಾಗಿ ಮೀನುಗಳು ಚಿಕ್ಕಂದಿನಲ್ಲಿ ಬೇಗ ಬೆಳೆದು, ವಯಸ್ಸಾದಂತೆ ನಿಧಾನವಾಗುತ್ತವೆ. ಎವಿಯೋಟಾದ ಬೆಳವಣಿಗೆಯ ರೇಖೆ ಬಾಗುವುದೇ ಇಲ್ಲ, ಹುಟ್ಟಿನಿಂದ ಸಾವಿನವರೆಗೆ ನೇರವಾಗಿ ಏರುತ್ತದೆ. ನಿಧಾನಿಸುವಷ್ಟು ಪುರುಸೊತ್ತು ಅದಕ್ಕಿಲ್ಲ.

ಗರಿಷ್ಠ ಆಯುಷ್ಯ ಬೇರೆ, ಸರಾಸರಿ ಬೇರೆ

59 ದಿನ ಎಂದಾಗ "ಈ ಮೀನುಗಳು 59 ದಿನ ಬದುಕುತ್ತವೆ" ಎಂದು ಅರ್ಥಮಾಡಿಕೊಳ್ಳುವುದು ತಪ್ಪು. ಅದು ಸಿಕ್ಕ ಮೀನುಗಳಲ್ಲಿ ಅಜ್ಜನ ವಯಸ್ಸು. ಬಹುತೇಕ ಮೀನುಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ದಿಬ್ಬಕ್ಕೆ ಬಂದ ಎವಿಯೋಟಾಗಳಲ್ಲಿ ದಿನಕ್ಕೆ ನೂರಕ್ಕೆ ಏಳೆಂಟು ಸಾಯುತ್ತವೆ. ಹೆಚ್ಚಿನವು ಯಾವುದಾದರೂ ಬಾಯಿಗೆ ಬಿದ್ದೇ ಸಾಯುತ್ತವೆ. ನೂರಕ್ಕೆ ಎಂಟು ಎಂದರೆ ಅಂಥ ದೊಡ್ಡದೇನಲ್ಲ ಅನ್ನಿಸಬಹುದು. ಬ್ಯಾಂಕಿನ ಚಕ್ರಬಡ್ಡಿಯನ್ನು ತಿರುಗಿಸಿ ಹಾಕಿದಂತೆ ಲೆಕ್ಕ ಹಾಕಿ ನೋಡಿ. ಇಂದು 100 ಮೀನು. ನಾಳೆ 92. ಎಂಟನೇ ದಿನಕ್ಕೆ ಅರ್ಧ. 25ನೇ ದಿನಕ್ಕೆ ಉಳಿಯುವುದು ಸುಮಾರು 12. ಅಂದರೆ ದಿಬ್ಬಕ್ಕೆ ಇಳಿದ ಹೆಚ್ಚಿನ ಮೀನುಗಳಿಗೆ ಮುಪ್ಪು ಎಂದರೇನೆಂದೇ ಗೊತ್ತಾಗುವುದಿಲ್ಲ.

ಈ ಗೊಂದಲ ಮೀನಿನ ವಿಷಯದಲ್ಲಿ ಮಾತ್ರ ಆಗುವುದಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು ಎಂಬುದನ್ನು ಕೇಳಿ, ಆಗಿನವರು 32ಕ್ಕೇ ಮುದುಕರಾಗಿ ಸಾಯುತ್ತಿದ್ದರು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಆಗಲೂ ಎಪ್ಪತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರು. ಆದರೆ ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಅವೆಲ್ಲ ಸೇರಿ ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದವು. ಮನುಷ್ಯನದಾಗಲಿ ಮೀನಿನದಾಗಲಿ, ಆಯುಷ್ಯದ ಅಂಕಿ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಗರಿಷ್ಠವೋ, ಸರಾಸರಿಯೋ?

"ಒಂದೇ ದಿನ ಬದುಕುವ ಹುಳು" ಇದೆಯಲ್ಲ?

ಇದೆ ಎನ್ನುವುದು ಅರ್ಧ ಸತ್ಯ. ಮೇಫ್ಲೈ ಎಂಬ ಕೀಟ ಒಂದೇ ದಿನ ಬದುಕುತ್ತದೆ ಎಂಬ ಮಾತು ಪ್ರಸಿದ್ಧ. ನಿಜ ಏನೆಂದರೆ ಅದಕ್ಕೆ ರೆಕ್ಕೆ ಬಂದ ಮೇಲಿನ ಬದುಕು ಮಾತ್ರ ಕೆಲವು ಗಂಟೆ ಅಥವಾ ಒಂದೆರಡು ದಿನ. ಅದಕ್ಕೂ ಮುಂಚೆ ಅದು ನೀರಿನೊಳಗೆ ಮರಿಹುಳುವಾಗಿ ಹಲವು ತಿಂಗಳು, ಕೆಲವು ಪ್ರಭೇದಗಳಲ್ಲಿ ವರ್ಷಕ್ಕೂ ಹೆಚ್ಚು, ಬದುಕಿರುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ದೀಪಕ್ಕೆ ಮುತ್ತುವ ಈಸಲು ಹುಳುವೂ ಹಾಗೆಯೇ. ನಾವು ನೋಡುವುದು ಗೆದ್ದಲಿನ ಬದುಕಿನ ಒಂದು ಸಂಜೆಯನ್ನು ಮಾತ್ರ.

ಹಾಗಾಗಿ ಎವಿಯೋಟಾದ ದಾಖಲೆಯನ್ನೂ ಎಚ್ಚರದಿಂದ ಓದಬೇಕು. ಇದು ಬೆನ್ನೆಲುಬಿರುವ ಪ್ರಾಣಿಗಳ ದಾಖಲೆ, ಎಲ್ಲ ಜೀವಿಗಳದ್ದಲ್ಲ. ಲೆಕ್ಕ ಶುರುವಾಗುವುದು ಮೊಟ್ಟೆಯಿಂದ ಹೊರಬಂದ ಮೇಲೆ. ಈ ವ್ಯತ್ಯಾಸ ಏಕೆ ಮುಖ್ಯ ಎಂದರೆ, ಕಿಲ್ಲಿಮೀನಿನ ಮೊಟ್ಟೆಗಳು ಒಣಗಿದ ಹೊಂಡದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತವೆ. ಮಡಗಾಸ್ಕರ್‌ನ ಲ್ಯಾಬೋರ್ಡ್ ಗೋಸುಂಬೆ ಹೊರಬಂದ ಮೇಲೆ ನಾಲ್ಕೈದು ತಿಂಗಳು ಬದುಕುತ್ತದೆ, ಮೊಟ್ಟೆಯೊಳಗೆ ಕಳೆಯುವುದು ಎಂಟೊಂಬತ್ತು ತಿಂಗಳು! ಎವಿಯೋಟಾಕ್ಕೆ ಅಂಥ ದೀರ್ಘ ನಿದ್ದೆಯ ಸೌಲಭ್ಯವಿಲ್ಲ. ಇಷ್ಟಾದರೂ, ಇನ್ನೂ ಅಧ್ಯಯನವಾಗದ ಪುಟ್ಟ ಮೀನುಗಳು ಬಹಳಷ್ಟಿವೆ. ನಾಳೆ ಯಾವುದಾದರೂ ಈ ದಾಖಲೆ ಮುರಿದರೆ ಆಶ್ಚರ್ಯವಿಲ್ಲ.

ಇಷ್ಟು ಅವಸರ ಏಕೆ?

ನಿಮ್ಮ ಮನೆಯ ಹಿತ್ತಲಿನಲ್ಲಿ ಬಾಳೆಗೊನೆ ಇದೆ. ಕೋತಿಗಳ ಹಿಂಡು ಯಾವ ದಿನ ಬೇಕಾದರೂ ಬರಬಹುದು. ನೀವೇನು ಮಾಡುತ್ತೀರಿ? ಪೂರ್ತಿ ಬಲಿಯಲಿ ಎಂದು ಕಾಯುವುದಿಲ್ಲ. ಸ್ವಲ್ಪ ಬೇಗನೇ ಕಡಿದು ಒಳಗೆ ತರುತ್ತೀರಿ.

ಎವಿಯೋಟಾದ ಲೆಕ್ಕಾಚಾರವೂ ಹೀಗೆಯೇ. ವ್ಯತ್ಯಾಸ ಎಂದರೆ ಅದು ಯೋಚಿಸಿ ಮಾಡಿದ್ದಲ್ಲ, ವಿಕಾಸ ಮಾಡಿಸಿದ್ದು. ದಿನಕ್ಕೆ ನೂರಕ್ಕೆ ಎಂಟು ಸಾಯುವ ಕಡೆ ಆರು ತಿಂಗಳಿಗೆ ವಯಸ್ಸಿಗೆ ಬರುವ ಮೀನು ಇದ್ದಿದ್ದರೆ ಮೊಟ್ಟೆಯಿಡುವ ದಿನದವರೆಗೆ ಅದು ಉಳಿಯುತ್ತಲೇ ಇರಲಿಲ್ಲ. ಒಂದೆರಡು ವಾರದಲ್ಲೇ ವಯಸ್ಸಿಗೆ ಬಂದ ಮೀನುಗಳು ಮಾತ್ರ ತಮ್ಮ ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸಿದವು.

ಸರಿ, ಬೇಗ ವಯಸ್ಸಿಗೆ ಬರಲಿ. ಬೇಗ ಸಾಯಬೇಕೆಂದೇನು? ಮುಪ್ಪಿನ ಕುರಿತು 1957ರಲ್ಲಿ ಜಾರ್ಜ್ ವಿಲಿಯಮ್ಸ್ ಮಂಡಿಸಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಒಂದು ಗುಣ ಎಳೆಯ ವಯಸ್ಸಿನಲ್ಲಿ ಲಾಭ ತಂದು, ಮುಂದೆ ಹಾನಿ ಮಾಡುತ್ತದೆ ಎಂದುಕೊಳ್ಳಿ. ಹೇಗೂ ಹೆಚ್ಚಿನವರು ಆ "ಮುಂದೆ" ತಲುಪುವುದೇ ಇಲ್ಲವಾದರೆ, ಆ ಗುಣವೇ ಗೆಲ್ಲುತ್ತದೆ. ದೇಹದ ದುರಸ್ತಿಗೆ ಖರ್ಚು ಮಾಡಬಹುದಾದ ಶಕ್ತಿಯನ್ನು ಬೆಳವಣಿಗೆಗೆ, ಮೊಟ್ಟೆಗೆ ಸುರಿಯುವುದೇ ಲಾಭ. ಆರು ತಿಂಗಳಲ್ಲಿ ಕೆಡವಲಿರುವ ಮನೆಗೆ ಯಾರಾದರೂ ಸುಣ್ಣಬಣ್ಣ ಮಾಡಿಸುತ್ತಾರೆಯೇ? ಪ್ರಕೃತಿಯಲ್ಲಿ ಈ ನಿಯಮಕ್ಕೆ ಅಪವಾದಗಳಿವೆ, ಚರ್ಚೆಯೂ ಇದೆ. ಆದರೆ ಎವಿಯೋಟಾದ ಬದುಕು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಚಿಕ್ಕದೆಲ್ಲ ಅಲ್ಪಾಯುಷಿಯೇ?

ಅಲ್ಲ. ಇದೂ ಒಂದು ಜನಪ್ರಿಯ ತಪ್ಪು ತಿಳಿವಳಿಕೆ. ಆನೆ, ತಿಮಿಂಗಿಲ ಹೆಚ್ಚು ಕಾಲ ಬದುಕುತ್ತವೆ, ಇಲಿ ಬೇಗ ಸಾಯುತ್ತದೆ ಎಂಬುದು ಒಟ್ಟಾರೆ ನಿಜ. ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬದುಕಬಲ್ಲದು ಎಂದು 2016ರ ಅಧ್ಯಯನ ಹೇಳಿದೆ. ಆದರೆ ಕೆಲವೇ ಗ್ರಾಂ ತೂಗುವ ಬ್ರಾಂಟ್ ಬಾವಲಿ ಕಾಡಿನಲ್ಲಿ 41 ವರ್ಷ ಬದುಕಿದ ದಾಖಲೆ ಇದೆ. ಬಾವಲಿಗೆ ಹಾರಲು ರೆಕ್ಕೆ, ಅಡಗಲು ಗುಹೆ ಇದೆ. ಶತ್ರುಗಳು ಕಡಿಮೆ.

ಗೋಬಿಗಳಲ್ಲೇ ಇದಕ್ಕೆ ಉದಾಹರಣೆ ಸಿಗುತ್ತದೆ. ಗೋಬಿಯೋಡಾನ್ ಎಂಬ ಇನ್ನೊಂದು ಕುಲದವು ಕವಲೊಡೆದ ಹವಳದ ಸಂದಿಗಳಲ್ಲಿ ಮನೆ ಮಾಡಿಕೊಂಡಿರುತ್ತವೆ. ಅವುಗಳ ಮೈಯ ಲೋಳೆ ವಿಷಕಾರಿ, ಬಾಯಿಗೆ ಹಾಕಿಕೊಂಡ ಮೀನು ಉಗಿಯಬೇಕು. ಗಾತ್ರದಲ್ಲಿ ಅವೂ ಪುಟಾಣಿಗಳೇ, ಆದರೆ ವರ್ಷಗಟ್ಟಲೆ ಬದುಕುತ್ತವೆ. ಆಯುಷ್ಯವನ್ನು ಬರೆಯುವುದು ಗಾತ್ರ ಒಂದೇ ಅಲ್ಲ, ಸುತ್ತಲಿನ ಅಪಾಯವೂ ಹೌದು.

ಇಡ್ಲಿ ಗಾಡಿಯ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಬರೋಣ. ಇವು ಇದ್ದರೆಷ್ಟು, ಹೋದರೆಷ್ಟು?

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ನಾವು ಮತ್ಸ್ಯನ್ಯಾಯ ಎನ್ನುತ್ತೇವೆ. ಈ ಮಾತಿನಲ್ಲಿ ನಮ್ಮ ಕಣ್ಣೆಲ್ಲ ನುಂಗುವವನ ಮೇಲೆ. ನುಂಗಿಸಿಕೊಳ್ಳುವವರು ದಿನವೂ ಎಲ್ಲಿಂದ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಹವಳದ ದಿಬ್ಬಗಳ ವಿಷಯದಲ್ಲಿ ಇದು ನಿಜಕ್ಕೂ ಒಗಟು. ಉಷ್ಣವಲಯದ ತಿಳಿನೀಲಿ ಸಮುದ್ರ ನೋಡಲು ಚೆಂದ, ಆದರೆ ನೀರು ತಿಳಿಯಾಗಿರುವುದೇ ಅದರಲ್ಲಿ ಪೋಷಕಾಂಶ ಕಡಿಮೆ ಇರುವುದರಿಂದ. ಅಂಥ ಬಡ ನೀರಿನ ನಡುವೆ ಹವಳದ ದಿಬ್ಬ ಮಾತ್ರ ಸಂತೆಯಂತೆ ಗಿಜಿಗುಡುತ್ತದೆ. ಡಾರ್ವಿನ್ ಹೆಸರಿನಲ್ಲಿ ಕರೆಯುವ ಈ ವಿರೋಧಾಭಾಸಕ್ಕೆ ಹಲವು ಉತ್ತರಗಳಿವೆ. ಒಂದು ಉತ್ತರ ಎವಿಯೋಟಾದಂಥ ಮೀನುಗಳು.

ಬೆಳಗ್ಗೆ ಒಂದು ಇಡ್ಲಿ ಗಾಡಿಯ ಫೋಟೋ ತೆಗೆಯಿರಿ. ತಟ್ಟೆಯಲ್ಲಿ ಕಾಣುವುದು ಇಪ್ಪತ್ತು ಮೂವತ್ತು ಇಡ್ಲಿ. "ಇಷ್ಟರಲ್ಲಿ ಎಷ್ಟು ಜನರ ಹೊಟ್ಟೆ ತುಂಬೀತು?" ಎನ್ನಿಸುತ್ತದೆ. ಆದರೆ ಅಲ್ಲೇ ನಿಂತು ನೋಡಿದರೆ ಗೊತ್ತಾಗುತ್ತದೆ, ತಟ್ಟೆ ಖಾಲಿಯಾಗುತ್ತಲೇ ಇರುತ್ತದೆ, ಮತ್ತೆ ತುಂಬುತ್ತಲೇ ಇರುತ್ತದೆ. ಮಧ್ಯಾಹ್ನದೊಳಗೆ ನೂರಾರು ಜನ ತಿಂದು ಹೋಗಿರುತ್ತಾರೆ. ಪಕ್ಕದ ಬೇಕರಿಯ ಗಾಜಿನೊಳಗೆ ದೊಡ್ಡ ಕೇಕು ವಾರದಿಂದ ಹಾಗೇ ಕುಳಿತಿರುತ್ತದೆ.

ದಿಬ್ಬದ ದೊಡ್ಡ ಮೀನು ಆ ಕೇಕು. ತೂಕ ಜಾಸ್ತಿ, ತಿರುಗಾಟ ಕಡಿಮೆ. ಎವಿಯೋಟಾ ಇಡ್ಲಿ. ಯಾವ ಕ್ಷಣದಲ್ಲಿ ತೂಗಿದರೂ ಹಗುರ, ಆದರೆ ಪೀಳಿಗೆಯ ಮೇಲೆ ಪೀಳಿಗೆ ಬರುತ್ತಲೇ ಇರುತ್ತದೆ. ಸೈಮನ್ ಬ್ರಾಂಡ್ಲ್ ಮತ್ತು ಸಂಗಡಿಗರು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಕ್ಷೇತ್ರದ ಮಾಹಿತಿ ಮತ್ತು ಗಣಿತದ ಮಾದರಿ ಎರಡನ್ನೂ ಸೇರಿಸಿ ಒಂದು ಅಂದಾಜು ಕೊಟ್ಟಿತು. ಹವಳದ ದಿಬ್ಬದಲ್ಲಿ ಬೇಟೆಗೆ ಬಲಿಯಾಗುವ ಮೀನಿನ ಒಟ್ಟು ತೂಕದಲ್ಲಿ ಸುಮಾರು ಶೇ. 60ರಷ್ಟು ಬರುವುದು ಸಂದುಗೊಂದುಗಳಲ್ಲಿ ಅಡಗಿ ಬದುಕುವ ಇಂಥ ಪುಟ್ಟ ಮೀನುಗಳಿಂದ. ಇದು ಎವಿಯೋಟಾ ಒಂದರದ್ದೇ ಪಾಲಲ್ಲ, ಬೇರೆ ಗೋಬಿಗಳು, ಬ್ಲೆನ್ನಿಗಳು ಮುಂತಾದವೆಲ್ಲ ಸೇರಿ.

ಇಷ್ಟೊಂದು ತಿನ್ನಿಸಿಕೊಂಡೂ ಇವು ಮುಗಿದುಹೋಗುವುದಿಲ್ಲವೇಕೆ? ಅದೇ ಅಧ್ಯಯನದಲ್ಲಿ ಅದಕ್ಕೂ ಸುಳಿವಿದೆ. ದಿಬ್ಬದ ಹತ್ತಿರದ ನೀರನ್ನು ಜರಡಿ ಹಿಡಿದಾಗ ಸಿಗುವ ಮೀನಿನ ಮರಿಗಳಲ್ಲಿ ಬಹುಪಾಲು ಈ ಪುಟ್ಟ ಮೀನುಗಳದ್ದೇ. ದೊಡ್ಡ ಮೀನುಗಳ ಮರಿಗಳು ದೂರ ಸಮುದ್ರಕ್ಕೆ ಹೋಗಿ ಹೆಚ್ಚಿನವು ಅಲ್ಲೇ ಕಳೆದುಹೋದರೆ, ಇವು ಊರು ಬಿಟ್ಟು ಬಹಳ ದೂರ ಹೋಗುವುದಿಲ್ಲ. ಹಾಗಾಗಿ ಹೆಚ್ಚು ಮರಿಗಳು ವಾಪಸು ಬಂದು ಖಾಲಿಯಾದ ಜಾಗ ತುಂಬುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದು ತಮ್ಮನ್ನು ಮೀನಿನ ಮಾಂಸವಾಗಿ ಮಾಡಿಕೊಂಡು, ಮೇಲಿನವರಿಗೆ ಬಡಿಸುವ ಕೆಲಸ ನಿಲ್ಲದೆ ನಡೆಯುತ್ತದೆ.

ಇಷ್ಟು ದಿನ ಯಾರೂ ಗಮನಿಸಲಿಲ್ಲವೇಕೆ?

ಹವಳದ ದಿಬ್ಬದ ಮೀನೆಣಿಕೆಯಲ್ಲಿ ಸಾಮಾನ್ಯವಾಗಿ ಮುಳುಗುಗಾರರು ಅಳತೆ ಪಟ್ಟಿಯ ಉದ್ದಕ್ಕೂ ಈಜುತ್ತಾ, ಕಂಡ ಮೀನುಗಳನ್ನು ಬರೆದುಕೊಳ್ಳುತ್ತಾರೆ. ಎರಡು ಸೆಂಟಿಮೀಟರಿನ, ಅರೆ ಪಾರದರ್ಶಕ, ಹವಳಕ್ಕೆ ಅಂಟಿಕೊಂಡು ಕೂರುವ ಮೀನು ಈ ಪಟ್ಟಿಗೆ ಸೇರುವುದೇ ಕಷ್ಟ.

ಇವುಗಳನ್ನು ಎಣಿಸಲು ಬೇರೆ ದಾರಿ ಬೇಕಾಯಿತು. ಒಂದು ಸಣ್ಣ ಜಾಗಕ್ಕೆ ಒತ್ತಾದ ಬಲೆ ಹೊದಿಸಿ, ಒಳಗೆ ಲವಂಗದ ಎಣ್ಣೆ ಬೆರೆಸಿದ ದ್ರಾವಣ ಬಿಡುತ್ತಾರೆ. ಹೌದು, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಅದೇ ಎಣ್ಣೆ. ಅದರಲ್ಲಿರುವ ಯೂಜಿನಾಲ್ ನಮ್ಮ ಹಲ್ಲನ್ನು ಮರಗಟ್ಟಿಸುವಂತೆ ಮೀನಿಗೆ ಮತ್ತು ಬರಿಸುತ್ತದೆ. ಆಮೇಲೆ ಸಂದು ಸಂದನ್ನೂ ಹುಡುಕಿ ಮೀನುಗಳನ್ನು ಆರಿಸಿಕೊಳ್ಳಬೇಕು. ಹೀಗೆ ಮಾಡಿದಾಗಲೇ ಖಾಲಿ ಎಂದುಕೊಂಡಿದ್ದ ಕಲ್ಲಿನಲ್ಲಿ ಇಡೀ ಓಣಿಯೇ ವಾಸವಾಗಿರುವುದು ಗೊತ್ತಾದದ್ದು.

ಸಮುದ್ರ ಬಿಸಿಯಾದರೆ?

ನೀರಿನ ಉಷ್ಣತೆ ಮಾಮೂಲಿಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ನಮಗೆ ಅದು ಒಂದು ಕೆಟ್ಟ ಬೇಸಿಗೆ. ಎವಿಯೋಟಾಕ್ಕೆ ಅದು ಇಡೀ ಜನ್ಮ. ಒಂದು ಬಿಸಿ ಋತು ಮುಗಿಯುವುದರೊಳಗೆ ಅದರ ಎರಡು ಪೀಳಿಗೆ ದಾಟಿರಬಹುದು.

ಬೇಗ ಬೇಗ ಪೀಳಿಗೆ ಬದಲಾಗುವುದರಿಂದ ಇಂಥ ಮೀನುಗಳು ಬೇಗ ಚೇತರಿಸಿಕೊಳ್ಳಬಹುದು, ಹೊಸ ಪರಿಸ್ಥಿತಿಗೆ ಬೇಗ ಒಗ್ಗಿಕೊಳ್ಳಬಹುದು ಎಂಬುದು ಒಂದು ವಾದ. ಆದರೆ ಇವುಗಳ ಬಳಿ ಉಳಿತಾಯ ಖಾತೆ ಇಲ್ಲ. ಇಪ್ಪತ್ತು ವರ್ಷ ಬದುಕುವ ಮೀನು ಎರಡು ವರ್ಷ ಮರಿ ಮಾಡದಿದ್ದರೂ ಮೂರನೇ ವರ್ಷ ಪ್ರಯತ್ನಿಸಬಹುದು. ಎವಿಯೋಟಾಕ್ಕೆ ಮೂರೂವರೆ ವಾರ ಕೈತಪ್ಪಿದರೆ ಮತ್ತೆ ಅವಕಾಶವಿಲ್ಲ.

ಇನ್ನೊಂದು ಮೋಸವೂ ಇದೆ. 1998ರ ಬಿಳಿಚುವಿಕೆಯ ನಂತರ ಗ್ರೇಟ್ ಬ್ಯಾರಿಯರ್ ರೀಫ್‌ನ ಆರ್ಫಿಯಸ್ ದ್ವೀಪದ ಬಳಿ ಅಡಗು ಮೀನುಗಳನ್ನು ವರ್ಷಗಟ್ಟಲೆ ಗಮನಿಸಿದಾಗ, ಒಟ್ಟು ಸಂಖ್ಯೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಯಾವ ಪ್ರಭೇದಗಳು ಇದ್ದವು ಎಂಬ ಪಟ್ಟಿ ಬದಲಾಗಿತ್ತು. ಜೀವಂತ ಹವಳವನ್ನೇ ನೆಚ್ಚಿಕೊಂಡವು ಕಡಿಮೆಯಾಗಿದ್ದವು. ತಲೆ ಎಣಿಸಿದರೆ ಎಲ್ಲ ಸರಿಯಿದೆ, ಹೆಸರು ಕೂಗಿದರೆ ಹಳಬರಿಲ್ಲ.

ಇದು ಆಸ್ಟ್ರೇಲಿಯಾದ ಮಾತಷ್ಟೇ ಅಲ್ಲ. ನಮ್ಮ ಪಶ್ಚಿಮ ಕರಾವಳಿಯಿಂದಾಚೆಗಿನ ಲಕ್ಷದ್ವೀಪದ ಹವಳಗಳೂ 1998, 2010, 2016 ಮತ್ತು 2024ರಲ್ಲಿ ಬಿಳಿಚಿಕೊಂಡವು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಲ್ಲಿನ ದಿಬ್ಬಗಳನ್ನು ದಶಕಗಳಿಂದ ಗಮನಿಸುತ್ತಿದ್ದಾರೆ. ಅಲೆಗಳನ್ನು ತಡೆದು ಆ ದ್ವೀಪಗಳನ್ನು ಉಳಿಸಿರುವುದೇ ಹವಳದ ದಿಬ್ಬ. ಅಲ್ಲಿನ ಜನರ ಊಟ, ದುಡಿಮೆ ಮೀನಿನ ಮೇಲೆ ನಿಂತಿದೆ. ದಿಬ್ಬದಲ್ಲಿ ಹಿಡಿಯುವ ದೊಡ್ಡ ಮೀನು ಏನನ್ನು ತಿಂದು ದೊಡ್ಡದಾಯಿತು ಎಂದು ಹಿಂದೆ ಹಿಂದೆ ಹೋದರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ ಇಂಥ ಪುಟಾಣಿಗಳು ಸಿಕ್ಕೇ ಸಿಗುತ್ತವೆ.

ಕೊನೆಗೆ ನೆನಪಿಡಬೇಕಾದದ್ದು

- ಎವಿಯೋಟಾ ಸಿಜಿಲ್ಲಾಟಾದ 59 ದಿನ ಗರಿಷ್ಠ ಆಯುಷ್ಯ, ಸರಾಸರಿಯಲ್ಲ. ಹೆಚ್ಚಿನ ಮೀನುಗಳು ಅದಕ್ಕೂ ಮೊದಲೇ ಬೇರೆಯವರ ಊಟವಾಗುತ್ತವೆ.
- ಸಣ್ಣ ಮೀನೆಲ್ಲ ದೊಡ್ಡ ಮೀನಿನ ಮರಿಯಲ್ಲ. ಚಿಕ್ಕ ಪ್ರಾಣಿಗಳೆಲ್ಲ ಅಲ್ಪಾಯುಷಿಗಳೂ ಅಲ್ಲ.
- ಒಂದು ಜೀವಿ ಎಷ್ಟು ಮುಖ್ಯ ಎಂಬುದನ್ನು ಅದರ ತೂಕದಿಂದ ಅಳೆಯಲಾಗದು. ಅದು ಎಷ್ಟು ಬೇಗ ಮತ್ತೆ ಮತ್ತೆ ಹುಟ್ಟಿಬರುತ್ತದೆ ಎಂಬುದನ್ನೂ ನೋಡಬೇಕು.

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿಯೋ, ಲಕ್ಷದ್ವೀಪಕ್ಕೆ ಹೋಗಿಯೋ ನೀವು ಎಂದಾದರೂ ಹವಳದ ಮೇಲೆ ಈಜಿದರೆ, ಆಮೆ, ಬಣ್ಣದ ದೊಡ್ಡ ಮೀನುಗಳನ್ನು ನೋಡಿ ಖುಷಿಪಡಿ. ಹವಳದ ಮೇಲೆ ಮಾತ್ರ ಕಾಲೂರಬೇಡಿ. ಖಾಲಿ ಕಲ್ಲಿನಂತೆ ಕಾಣುವ ಆ ಸಂದಿಯಲ್ಲಿ ಯಾವುದೋ ಪುಟ್ಟ ಗಂಡು ಮೀನು ತನ್ನ ಮೊಟ್ಟೆಗಳಿಗೆ ಕಾವಲು ಕುಳಿತಿರಬಹುದು. ಅದರ ಬಳಿ ಇರುವುದು ಇನ್ನು ಕೆಲವೇ ದಿನ.